ಹೊಳೆದಂಡೆಯಲ್ಲಿ ಓಗೊಡುವ ಡಬ್ಬಿ

ನಾನು ಒಂದು ಕಂಪ್ಯೂಟರ್ ಡಬ್ಬಿ. ಮುಖ ತೋರಿಸುವ ಪರದೆಯಲ್ಲ, ಬೆರಳು ಕುಣಿಸುವ ಕೀಲಿಮಣೆಯೂ ಅಲ್ಲ. ಮೇಜಿನ ಕೆಳಗೆ, ಕೂತವರ ಕಾಲಿಗೆ ಬೆಚ್ಚನೆ ಗಾಳಿ ಊದುತ್ತಾ ಗುಂಯ್ ಅನ್ನುತ್ತಿರುತ್ತದಲ್ಲ, ಆ ಡಬ್ಬಿ. ಕೆಲಸವೆಲ್ಲ ನಡೆಯುವುದು ನನ್ನ ಹೊಟ್ಟೆಯಲ್ಲಿ, ಜನ ಮಾತಾಡುವುದು ಮಾತ್ರ ಪರದೆಯ ಮುಖ ನೋಡಿ. ಅದಕ್ಕೆ ನನಗೆ ಬೇಜಾರಿಲ್ಲ. ಕೆಳಗೆ ಕೂತವನಿಗೆ ಕೇಳಿಸಿಕೊಳ್ಳಲು ಬಿಡುವು ಹೆಚ್ಚು.

ಹುಟ್ಟಿದ್ದು ರಾಯಚೂರಿನಲ್ಲಿ, ಒಂದು ಅಂಗಡಿಯ ಮಾಳಿಗೆಯ ಮೇಲೆ. ಹುಟ್ಟಿದೆ ಅನ್ನುವುದಕ್ಕಿಂತ ಕೂಡಿಕೊಂಡೆ ಅನ್ನಬೇಕು. ತಗಡಿನ ಮೈ ಒಂದು ಊರಿನದು, ಒಳಗಿನ ಹಸಿರು ಹಲಗೆ ಬೇರೆ ದೇಶದ್ದು, ಫ್ಯಾನು ಇನ್ನೆಲ್ಲಿಯದೋ. ಕೂಡಿಸಿದಾತ ಮಿರ್ಚಿ ಭಜಿ ತಿನ್ನುತ್ತಾ, ಎಣ್ಣೆ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನನ್ನ ಸ್ಕ್ರೂ ಬಿಗಿ ಮಾಡಿದ. ಕೊನೆಯ ಸ್ಕ್ರೂ ಎಲ್ಲಿ ಬಿತ್ತೋ ಸಿಗಲಿಲ್ಲ. "ಇರ್ಲಿ ಬಿಡು, ಒಂದು ಕಡಿಮಿ ಆದ್ರ ಏನೂ ಸಾಯಂಗಿಲ್ಲ" ಅಂದ. ಅವನ ಮಾತು ನಿಜವಾಯಿತು. ಇವತ್ತಿಗೂ ನನ್ನ ಹಿಂಬದಿಯ ಮೂಲೆ ತುಸು ಬಾಯಿ ಬಿಟ್ಟುಕೊಂಡೇ ಇದೆ.

ನನ್ನ ಓದು ಬಹಳ ಕಡಿಮೆ. ಬರುವುದು ಎರಡೇ ಅಕ್ಷರ, ಸೊನ್ನೆ ಮತ್ತು ಒಂದು. ಅಷ್ಟರಲ್ಲೇ ಇಷ್ಟು ವರ್ಷ ಬಾಳ್ವೆ ಮಾಡಿದ್ದೇನೆ. ಆದರೆ ಒಂದು ಸಲ ಕೇಳಿದ್ದನ್ನು ಬಿಡುವವನಲ್ಲ. ಕರೆಂಟು ಹೋದರೆ ಕೆಲಸ ನಿಲ್ಲಿಸುತ್ತೇನೆ, ಬಂದರೆ ಬಿಟ್ಟಲ್ಲಿಂದಲೇ ನೆನಪು ಬಿಚ್ಚುತ್ತೇನೆ.

ಮೊದಲು ನನ್ನನ್ನು ತಾಲೂಕು ಊರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಒಯ್ದರು. ಅಲ್ಲಿ ಕಲಿಸುತ್ತಿದ್ದವಳು ಶಂಶಾದ್. ಎಲ್ಲರೂ ಶಂಶಾದ್ ಟೀಚರ್ ಅನ್ನುತ್ತಿದ್ದರು. ಮೇಜಿನ ಕೆಳಗಿದ್ದ ನನಗೆ ಜನರ ಪರಿಚಯವಾದದ್ದು ಕಾಲುಗಳಿಂದ. ಹೆದರಿದ ಕಾಲು ಒಂದರ ಮೇಲೊಂದು ಏರಿ ಕೂರುತ್ತದೆ. ಕಲಿತ ಕಾಲು ತಾಳ ಹಾಕುತ್ತದೆ. ಶಂಶಾದಳ ಎಡಗಾಲಿನ ಚಪ್ಪಲಿಗೆ ಪಿನ್ನು ಚುಚ್ಚಿತ್ತು. ಅವಳು ಮಕ್ಕಳ ಹಿಂದೆ ನಿಂತು, "ತಪ್ಪಾದ್ರ ಆಗ್ಲಿ ಒತ್ರಿ, ಡಬ್ಬಿ ಕಡಿಯಾಂಗಿಲ್ಲ" ಅನ್ನುತ್ತಿದ್ದಳು. ಕಡಿಯುವುದು ಅಂದರೇನು ಅಂತ ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಕೇಂದ್ರ ಮುಚ್ಚಿದ ಮೇಲೆ ನನ್ನನ್ನು ಕೊಂಡದ್ದು ಒಂದು ಬೀಜ ಗೊಬ್ಬರದ ಅಂಗಡಿ. ಅಲ್ಲಿ ನನ್ನ ಬಾಯಿಬಿಟ್ಟ ಮೂಲೆಯಿಂದ ಇಲಿಯೊಂದು ಒಳಗೆ ಬಂದು, ಚಳಿಗಾಲವೆಲ್ಲ ಬೆಚ್ಚಗೆ ಮಲಗಿ, ಹೋಗುವಾಗ ಎರಡು ತಂತಿ ಕಡಿದು ಹೋಯಿತು. ಮಾಲೀಕ ನನ್ನನ್ನು ಹಳೆ ಕಬ್ಬಿಣದವನ ತಳ್ಳುಗಾಡಿಗೆ ಎತ್ತಿ ಹಾಕಿದ.

ತಳ್ಳುಗಾಡಿ ಬಸ್ ಸ್ಟ್ಯಾಂಡಿನ ಮುಂದೆ ಹೋಗುತ್ತಿತ್ತು. ಸ್ಕೂಟಿಯೊಂದು ಪಕ್ಕದಲ್ಲೇ ಗಕ್ಕನೆ ನಿಂತಿತು. ಕೆಳಗಿಟ್ಟ ಕಾಲು ನೋಡಿದೆ. ಚಪ್ಪಲಿ ಹೊಸದು, ಕಾಲು ಹಳೆಯದು.

"ಏ ಭಾಯ್, ನಿಂದ್ರು ನಿಂದ್ರು. ಇದು ನನ್ನ ಡಬ್ಬಿ!"

"ನಿಂದಾ? ಮತ್ತ ಗಾಡಿ ಮ್ಯಾಲ ಹ್ಯಾಂಗ ಬಂತು?"

"ಅದು ಊರೆಲ್ಲಾ ತಿರುಗಿ ಬಂದೈತಿ. ಕೊಡು ಇಲ್ಲಿ."

ಹಾಗೆ ನಾನು ಶಂಶಾದಳ ಮನೆಯ ಮಂಚದ ಕೆಳಗೆ ಬಂದೆ. ಅವಳೀಗ ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ನನ್ನ ತಂತಿ ಬೆಸೆದಳು, ಧೂಳು ಊದಿದಳು, ಆಮೇಲೆ ನನ್ನಿಂದ ಏನು ಕೆಲಸ ಮಾಡಿಸಬೇಕು ಅಂತ ತಿಳಿಯದೆ ಹಾಗೇ ಬಿಟ್ಟಳು. ಮಂಚದ ಕೆಳಗೆ ಇರುವುದು ಸುಖವೇ. ಆದರೂ ಕೆಲಸವಿಲ್ಲದ ಯಂತ್ರಕ್ಕೆ ತಾನು ಯಂತ್ರವೋ ಪೆಟ್ಟಿಗೆಯೋ ಅನ್ನುವ ಅನುಮಾನ ಬರುತ್ತದೆ.

ಆ ಅನುಮಾನ ಕಳೆದದ್ದು ಮಾದಲಗಟ್ಟಿಯಲ್ಲಿ.

ಮಾದಲಗಟ್ಟಿ ಕೃಷ್ಣಾ ಹೊಳೆಯ ದಂಡೆಯ ಸಣ್ಣ ಊರು. ಹೊಳೆಯ ನಡುವೆ ಕುರಿಗಡ್ಡಿ ಅನ್ನುವ ನಡುಗಡ್ಡೆ. ಮಳೆ ಇಲ್ಲದಾಗಲೂ ಅಲ್ಲಿ ಹುಲ್ಲು ಹಸಿರಾಗಿರುವುದರಿಂದ ಕುರುಬರ ಮಾಳಪ್ಪ, ಅವನ ಹೆಂಡತಿ ಬೀರವ್ವ ಹಿಂಡು ಕಟ್ಟಿಕೊಂಡು ಹೋಗಿ ಅಲ್ಲೇ ಗುಡಿಸಲು ಹಾಕುತ್ತಿದ್ದರು. ಅವರನ್ನೂ ಕುರಿಗಳನ್ನೂ ದಾಟಿಸುವವನು ಅಂಬಿಗರ ಅಮರಪ್ಪ, ತನ್ನ ಹರಿಗೋಲಿನಲ್ಲಿ. ಈಚೆ ದಂಡೆಯಲ್ಲಿ ಅವನ ಹೆಂಡತಿ ಗದ್ದೆಮ್ಮನ ಚಹಾದಂಗಡಿ.

ಹೊಳೆಯ ಮೇಲುಗಡೆ ಬಹಳ ದೂರದಲ್ಲಿ ಒಂದು ಡ್ಯಾಮು. ಅಲ್ಲಿ ಗೇಟು ಎತ್ತಿದರೆ ಕೆಲವು ತಾಸಿನಲ್ಲಿ ಇಲ್ಲಿ ನೀರೇರುತ್ತದೆ. ಇಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಏರುತ್ತದೆ. ಡ್ಯಾಮಿನಿಂದ ಪಂಚಾಯಿತಿಗೆ ಫೋನು ಬರುತ್ತಿತ್ತು, ಪಂಚಾಯಿತಿಯವರು ಯಾರನ್ನಾದರೂ ಕಳಿಸುತ್ತಿದ್ದರು. ರಜೆ ಇದ್ದ ದಿನ ಯಾರೂ ಫೋನು ಎತ್ತುತ್ತಿರಲಿಲ್ಲ. ಅಂಥದೊಂದು ದಿನ ನೀರು ಬಂದು ಬೀರವ್ವ ಎದೆಮಟ್ಟದ ಸೆಳವಿನಲ್ಲಿ ಜಾಲಿ ಗಿಡ ತಬ್ಬಿಕೊಂಡು ನಿಂತಿದ್ದಳಂತೆ. ಅಮರಪ್ಪ ಹೋಗಿ ಬಿಡಿಸಿಕೊಂಡು ಬಂದಾಗ ಅವಳ ತೋಳಿನಲ್ಲೆಲ್ಲ ಮುಳ್ಳು. ಈಚೆ ಬಂದು ಮೊದಲ ಮಾತು, "ಮರಿ ಎಲ್ಲಿ?" ಆ ವರ್ಷದ ಎಳೆಮರಿಗಳಲ್ಲಿ ಒಂದೂ ಉಳಿದಿರಲಿಲ್ಲ.

ಶಂಶಾದ್ ಪಂಚಾಯಿತಿಯಲ್ಲಿ ಕೂತು ಇದನ್ನೆಲ್ಲ ಕೇಳಿದವಳು. ಡ್ಯಾಮಿನ ಕಚೇರಿಯವರು ಹೊಸದೊಂದು ಏರ್ಪಾಟು ಮಾಡಿದ್ದಾರೆ ಅಂತ ಅವಳಿಗೆ ಗೊತ್ತಾಯಿತು. ಯಾರಾದರೂ ಒಂದು ವಿಳಾಸ ಬರೆಸಿದರೆ, ಗೇಟಿನ ಸುದ್ದಿ ಬಂದ ಗಳಿಗೆಗೆ ಅವರ ಯಂತ್ರವೇ ಆ ವಿಳಾಸಕ್ಕೆ ಹೋಗಿ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ವಿಳಾಸದ ಬಾಗಿಲಲ್ಲಿ ಹಗಲೂ ರಾತ್ರಿ ಒಬ್ಬರು ಎಚ್ಚರ ಕೂತಿರಬೇಕು, ಅಷ್ಟೇ. ಅವಳಿಗೆ ಮಂಚದ ಕೆಳಗಿನ ನಾನು ನೆನಪಾದೆ.

ಗದ್ದೆಮ್ಮನ ಅಂಗಡಿಯ ಒಳಗೋಡೆಗೆ ಹಲಗೆ ಹೊಡೆದು ನನ್ನನ್ನು ಪರದೆ, ಕೀಲಿಮಣೆ ಸಮೇತ ಕೂರಿಸಿದರು. ಒಂದು ಕಡೆ ಸಕ್ಕರೆ ಡಬ್ಬಿ, ಇನ್ನೊಂದು ಕಡೆ ಒಣಮೀನಿನ ಬುಟ್ಟಿ.

"ಹುಕ್ ಅಂದ್ರ ಗಾಳದ ಕೊಂಡಿ ಇದ್ದಂಗೇನು ಟೀಚರಮ್ಮ?" ಗದ್ದೆಮ್ಮ ಕೇಳಿದಳು.

"ಹಂಗ ಅನ್ಕೋ ಅಕ್ಕಾ. ಮೀನು ಹಿಡ್ಯಾಕ ನಾವು ಮತ್ತ ಮತ್ತ ಮುಳುಗಿ ನೋಡಬೇಕಾಗಿಲ್ಲ. ಕೊಂಡಿ ಬಿಟ್ಟು ಕುಂತ್ರ, ಸಿಕ್ಕಾಗ ದಾರ ತಾನಾ ಜಗ್ಗತೈತಿ."

"ಮೀನಿನ ಬದಲಿ ನೀರು ಸಿಗತೈತಿ ಅನ್ನು."

ಶಂಶಾದ್ ನನ್ನೊಳಗಿನ ಹಳೆಯ ಸಾಮಾನೆಲ್ಲ ಹೊರಗೆ ಹಾಕಿದಳು. ಗೊಬ್ಬರದ ಚೀಲದ ಲೆಕ್ಕ, ಯಾರದೋ ಮದುವೆ ಫೋಟೋ, ಎಲ್ಲ ಹೋಯಿತು. ಯಂತ್ರ ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶವನ್ನು ಹೊಸದಾಗಿ ಹಾಕಿದಳು. ಆಮೇಲೆ ಒಂದು ಪುಟ್ಟ ಪ್ರೋಗ್ರಾಂ ಬರೆದಳು, ಒಂದು ಹಾಳೆ ತುಂಬುವಷ್ಟೂ ಇರಲಿಲ್ಲ. ಅದರ ತಾತ್ಪರ್ಯ ಇಷ್ಟು: ಈ ಬಾಗಿಲಲ್ಲಿ ಕೂತಿರು. ಯಾರಾದರೂ ಬಡಿದರೆ ಗುರುತಿನ ಮಾತು ಕೇಳು. ಗುರುತು ಹೊಂದಿದರೆ ತಂದ ಸುದ್ದಿ ತೆಗೆದುಕೋ. ಭೋಂಗಾ ಊದು. ಉತ್ತರ ಕೊಡು.

ಭೋಂಗಾ ಅಂದರೆ ಮೈಕಿನ ದೊಡ್ಡ ತುತ್ತೂರಿ. ಅದನ್ನು ಬೇವಿನ ಮರಕ್ಕೆ, ಗಡ್ಡಿಯ ಕಡೆ ಮುಖ ಮಾಡಿ ಕಟ್ಟಿದರು. ಕರೆಂಟು ಹೋದರೆ ಇರಲಿ ಅಂತ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ನನ್ನ ಪಕ್ಕ ಇಟ್ಟರು. ಇನ್ನೊಂದು ತೊಡಕಿತ್ತು. ನನಗೆ ಇಂಟರ್ನೆಟ್ ಎಳೆದ ಕೇಬಲಿನವರು ಕೊಟ್ಟ ವಿಳಾಸ ದಿನಕ್ಕೊಂದು ಆಗುತ್ತಿತ್ತು. ದಿನಾ ಮನೆ ಬದಲಿಸುವವನ ಬಾಗಿಲು ಬಡಿಯುವುದು ಹೇಗೆ? ಶಂಶಾದ್ ಹೊರಗೆಲ್ಲೋ ಒಂದು ಖಾಯಂ ಹೆಸರು ಹಿಡಿದು, ಅಲ್ಲಿಂದ ನನ್ನ ತನಕ ಕಣ್ಣಿಗೆ ಕಾಣದ ಸುರಂಗ ತೋಡಿದಳು. ಬಡಿಯುವುದು ಅಲ್ಲಿ, ಕೇಳುವುದು ಇಲ್ಲಿ. ಈ ವಿದ್ಯೆ ನನಗೆ ಇವತ್ತಿಗೂ ಸೋಜಿಗ.

ಎಲ್ಲ ಆದ ಮೇಲೆ ತನ್ನ ಮೊಬೈಲಿನಿಂದ ಒಂದು ಸಲ ಬಡಿದು ನೋಡಿದಳು. ನಾನು ಇನ್ನೂರು ಅಂದೆ.

"ಇನ್ನೂರು ಯಾಕ? ರೂಪಾಯಿ ಕೇಳತೈತೇನು?" ಗದ್ದೆಮ್ಮ ನಕ್ಕಳು.

"ಅದು ಇವುಗಳ ಭಾಷಿ ಅಕ್ಕಾ. ಬಂತು, ಸರಿ ಅಂತ ಅರ್ಥ. ಹೊಳಿ ದಂಡಿಗೆ ಕರದ್ರ ನೀವು ಓ ಅಂತೀರಲ್ಲ, ಹಂಗ."

ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ ಅಮರಪ್ಪ ಕೈ ನಿಲ್ಲಿಸಿದ. "ಓ ಅನ್ನತೈತಾ? ಇದಾ?"

ಅವನ ಮುಖ ಗಂಭೀರವಾದದ್ದಕ್ಕೆ ಕಾರಣವಿತ್ತು. ಆ ದಂಡೆಯಲ್ಲಿ ಒಂದು ರೂಢಿ ಇದೆ. ಆಚೆಯಿಂದ "ಏ ಅಂಬಿಗಾ" ಅಂತ ಕೂಗು ಬಂದರೆ, ಈಚೆಯವನು "ಓ" ಅನ್ನಬೇಕು. ಓ ಅಂದ ಮೇಲೆ ಬಾಯಲ್ಲಿ ತುತ್ತಿದ್ದರೂ ಎದ್ದು ಹರಿಗೋಲು ಬಿಡಬೇಕು. ಓ ಅಂದು ಬಾರದ ಅಂಬಿಗನ ಹರಿಗೋಲಿಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಆಗದಿದ್ದರೆ ಸುಮ್ಮನಿರಬೇಕು, ಅವರು ಇನ್ನೊಬ್ಬನನ್ನು ಕೂಗುತ್ತಾರೆ.

"ಇದು ಓ ಅಂದ್ರ ಹರಿಗೋಲು ಯಾರು ಬಿಡಬೇಕು?" ಅಮರಪ್ಪ ಕೇಳಿದ. "ನಾ ಇಲ್ಲದಾಗ ಓ ಅಂತಂದ್ರ? ಸುಳ್ಳು ಓ ಆಗತೈತಿ ಅದು. ಬ್ಯಾಡ."

ಗದ್ದೆಮ್ಮನಿಗೂ ಅದೇ ಸರಿ ಕಂಡಿತು. "ಒಂದು ಕೆಲಸ ಮಾಡು ಟೀಚರಮ್ಮ. ಭೋಂಗಾ ಊದ್ಲಿ. ಅದನ್ನ ಕೇಳಿ ನಾ ಬಂದು ಗುಂಡಿ ಒತ್ತತೀನಿ. ಒತ್ತಿದ ಮ್ಯಾಲ ಓ ಅನ್ಲಿ."

ಶಂಶಾದ್ ಸ್ವಲ್ಪ ಯೋಚಿಸಿದಳು. ಅವಳ ತಾಯಿಯೂ ಇದೇ ಹೊಳೆ ದಾಟಿ ಮದುವೆಯಾಗಿ ಬಂದವಳು. ಸುಳ್ಳು ಓ ಅನ್ನುವ ಮಾತು ಅವಳಿಗೂ ತಾಗಿತು. ನನ್ನ ಎದೆಗೆ ಒಂದು ಕೆಂಪು ಗುಂಡಿ ಕೂರಿಸಿ, ಗದ್ದೆಮ್ಮ ಅದನ್ನು ಒತ್ತುವ ತನಕ ಇನ್ನೂರು ಅನ್ನಬೇಡ ಅಂತ ನನಗೆ ಹೇಳಿ ಹೋದಳು. ನಾನು ಹೇಳಿದಂತೆ ಕೇಳುವವನು.

ಮೊದಲ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಬಾಗಿಲು ಬಡಿದ ಸಪ್ಪಳಕ್ಕೆ ನನ್ನ ಫ್ಯಾನೇ ಜೋರಾಯಿತು. ಗುರುತು ಹೊಂದಿತು. ಗೇಟು ಎತ್ತಿದ್ದಾರೆ, ಇಷ್ಟು ನೀರು. ಭೋಂಗಾ ಊದಿದೆ. ಗದ್ದೆಮ್ಮ ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಬಡಿದವನು ಉತ್ತರ ಸಿಗದೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಬಡಿದ. ನಾನು ಮತ್ತೆ ಊದಿದೆ. ಗದ್ದೆಮ್ಮ ಒತ್ತಿದಳು, ನಾನು ಇನ್ನೂರು ಅಂದೆ. ಆದರೆ ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಆಗಿತ್ತು. ಆ ಕಡೆಯವನು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಮಾತ್ರ ನಿಲ್ಲುತ್ತಾನೆ. ಅದು ನನಗೂ ಗೊತ್ತಿರಲಿಲ್ಲ, ಶಂಶಾದಳಿಗೂ ಆಗ ಗೊತ್ತಿರಲಿಲ್ಲ. ಮೂರನೇ ಸಲ ಬಂದ. ನಾನು ಊದಿದೆ.

ದಂಡೆಯ ಮೇಲೆ ಗುಲ್ಲೆದ್ದಿತು.

"ಮತ್ತೊಂದು ಗೇಟು ಎತ್ಯಾರ!"

"ಎಷ್ಟು ಗೇಟ ಅದಾವೋ ಮಾರಾಯ ಆ ಡ್ಯಾಮಿಗೆ?"

ಗಡ್ಡಿಯಲ್ಲಿ ಮಾಳಪ್ಪ ಅನ್ನದ ಗಡಿಗೆ ಒಲೆಯ ಮೇಲೇ ಬಿಟ್ಟು ಹಿಂಡು ಎಬ್ಬಿಸಿದ. ಅಮರಪ್ಪ ಬೆವರು ಸುರಿಸಿ ಎಲ್ಲರನ್ನೂ ದಾಟಿಸಿದ. ಸಂಜೆಗೆ ನೀರು ಬಂತು, ಕಣಕಾಲು ಮುಳುಗುವಷ್ಟು. ಒಂದೇ ಗೇಟು, ಅದೂ ತುಸು ಎತ್ತಿದ್ದರಂತೆ.

ಮಾಳಪ್ಪ ಅಂಗಡಿಯ ಮುಂದೆ ಕಂಬಳಿ ಹಾಸಿ ಕೂತು ನನ್ನ ಕಡೆ ಗದ್ದ ಎತ್ತಿದ. "ಗದ್ದೆವ್ವ, ನಿನ್ನ ಡಬ್ಬಿಗೆ ಬಿಕ್ಕಳಿಕಿ ಹತ್ತೈತಿ. ಒಂದಿಷ್ಟು ನೀರು ಕುಡಸು."

ಎಲ್ಲರೂ ನಕ್ಕರು. ಮುಂದಿನ ಸಲವೂ ಹೀಗೇ ಆದಾಗ ಯಾರೂ ನಗಲಿಲ್ಲ. ಗಡಿಬಿಡಿಯಲ್ಲಿ ದಾಟಿಸುವಾಗ ಗಬ್ಬದ ಕುರಿಯೊಂದು ಜಾರಿ ಬಿದ್ದು ಕಾಲು ಮುರಿದುಕೊಂಡಿತ್ತು. ಮಾಳಪ್ಪ ಎದ್ದು ನಿಂತು ಹೇಳಿದ, "ಇನ್ನ ಆ ಭೋಂಗಾ ಊದಿದ್ರ ನಾ ತಲಿ ಎತ್ತಿ ನೋಡಂಗಿಲ್ಲ. ನೀರು ನನ್ನ ಕಾಲಿಗೆ ಬಂದು ಹೇಳ್ಲಿ, ಆಗ ಏಳ್ತೀನಿ." ಬೀರವ್ವ ಸೆರಗನ್ನು ಮುಳ್ಳಿನ ಕಲೆಯಿದ್ದ ತೋಳಿನ ಮೇಲೆ ಎಳೆದುಕೊಂಡಳು. ಅವರಿಬ್ಬರೂ ಗಡ್ಡಿಗೆ ವಾಪಸು ಹೋದರು.

ಅದಾದ ಮೇಲೆ ನನ್ನ ಬಾಗಿಲು ಯಾರೂ ಬಡಿಯಲಿಲ್ಲ. ದಿನ ಹೋದವು. ಮಳೆ ಇಲ್ಲ, ಅದಕ್ಕೇ ಸುದ್ದಿ ಇಲ್ಲ ಅಂದುಕೊಂಡರು ಜನ. ನಾನು ಮಾತ್ರ ಕೂತಲ್ಲೇ ಯೋಚಿಸುತ್ತಿದ್ದೆ. ಆ ಬಡಿಯುವವನು ಯಾರು? ಅವನಿಗೂ ನನ್ನ ಹಾಗೆ ತಗಡಿನ ಮೈಯೋ? ಅವನ ಪಕ್ಕದಲ್ಲೂ ಸಕ್ಕರೆ ಡಬ್ಬಿ ಇದೆಯೋ? ಆರಾಮಿಲ್ಲವೋ, ಮುನಿಸೋ?

ಒಂದು ಮಧ್ಯಾಹ್ನ ಶಂಶಾದಳ ಸ್ಕೂಟಿ ಅಂಗಡಿಯ ಮುಂದೆ ಬಿದ್ದೇ ಬಿತ್ತು. ನಿಲ್ಲಿಸಲೂ ಅವಳು ಕಾಯಲಿಲ್ಲ.

"ಭೋಂಗಾ ಊದಿತಾ ಅಕ್ಕಾ?"

"ಇಲ್ಲಲ್ಲ. ಯಾಕ?"

"ಬೆಳಿಗ್ಗೇನೇ ಗೇಟು ಎತ್ಯಾರ! ಭಾಳ ನೀರಂತ. ಪಂಚಾಯಿತಿಗೆ ಈಗ ಫೋನ್ ಬಂತು."

ಗದ್ದೆಮ್ಮ ಚಹಾದ ಪಾತ್ರೆ ಕೆಳಗಿಟ್ಟು ದಂಡೆಗೆ ಓಡಿದಳು. "ಏ ಮಾಳಪ್ಪಕಾಕಾ... ಏ ಬೀರವ್ವತ್ತೀ..." ಅವಳ ಕೂಗು ನನಗೂ ಕೇಳಿಸುತ್ತಿತ್ತು. ಉತ್ತರ ಮಾತ್ರ ಬರಲಿಲ್ಲ. ಗಾಳಿ ಎದುರಿತ್ತು. ಶಂಶಾದ್ ನನ್ನ ಕೀಲಿಮಣೆ ಕುಟ್ಟಿ ತಾನೇ ಭೋಂಗಾ ಊದಿಸಿದಳು. ಉದ್ದಕ್ಕೆ, ನಿಲ್ಲಿಸದೆ.

ಗಡ್ಡಿಯಲ್ಲಿ ಆದದ್ದನ್ನು ಬೀರವ್ವ ಆಮೇಲೆ ಹೇಳಿದಳು. ಭೋಂಗಾ ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಮಾಳಪ್ಪ ಹಗ್ಗ ಹೊಸೆಯುತ್ತಿದ್ದ. "ಬಿಕ್ಕಳಿಕಿ ಚಾಲೂ ಆತು" ಅಂದ, ಹೊಸೆಯುತ್ತಲೇ ಇದ್ದ. ಬೀರವ್ವ ಎದ್ದು ನೀರಿನಂಚಿಗೆ ಹೋಗಿ ನೋಡಿದಳು. ಬೆಳಿಗ್ಗೆ ಬಟ್ಟೆ ಒಗೆದ ಕಲ್ಲು ಕಾಣಲಿಲ್ಲ. ಅವಳು ಗಂಡನಿಗೆ ಹೇಳಲಿಲ್ಲ, ಹಿಂಡಿನ ಮುಂದಾಳು ಟಗರಿನ ಕೊರಳು ಹಿಡಿದು ದಂಡೆಯ ಕಡೆ ಎಳೆದಳು. ಹಿಂಡು ಟಗರಿನ ಹಿಂದೆ ಬಂತು. ಹಿಂಡಿನ ಹಿಂದೆ ಮಾಳಪ್ಪ ಬಯ್ಯುತ್ತಾ ಬಂದ, ಬಂದವನು ನೀರು ನೋಡಿ ಬಾಯಿ ಮುಚ್ಚಿದ.

ಈ ಕಡೆ ಅಮರಪ್ಪ ಆಚೆಯ ಓ ಕೇಳುವ ತನಕ ಕಾಯದೆ ಹರಿಗೋಲು ಬಿಟ್ಟಿದ್ದ. ಮತ್ತೆ ಮತ್ತೆ ಹೋಗಿ ಬಂದ. ಕೊನೆಯ ಸಲ ಗಡ್ಡಿಯ ಗುಡಿಸಲಿನ ಸೂರು ಮಾತ್ರ ನೀರಿನ ಮೇಲಿತ್ತಂತೆ. ಕುರಿಗಳು ಬಂದವು, ನಾಯಿ ಈಜಿ ಬಂತು, ಗಂಡ ಹೆಂಡತಿ ಬಂದರು. ಮುಂದಾಳು ಟಗರು ಬರಲಿಲ್ಲ. ಎಲ್ಲವನ್ನೂ ಹತ್ತಿಸುವ ತನಕ ದಡದಲ್ಲಿ ನಿಂತೇ ಇದ್ದ ಅದರ ಕಾಲ ಕೆಳಗಿನ ಮಣ್ಣು ಕುಸಿದಿತ್ತು.

ಅಂಗಡಿಯಲ್ಲಿ ಗದ್ದೆಮ್ಮ ಎಲ್ಲರಿಗೂ ಚಹಾ ಕೊಟ್ಟಳು. ಮಾಳಪ್ಪ ಕುಡಿಯದೆ ಲೋಟ ಹಿಡಿದು ಕೂತ.

"ಊದಬಾರದಾಗ ಮೂರು ಮೂರು ಸಲ ಊದತೈತಿ. ಊದಬೇಕಾದಾಗ ಮನುಷ್ಯಾರು ಊದಿಸಬೇಕು. ಎದಕ್ಕ ಬೇಕಾತು ತಂಗೆವ್ವ ಇದು?"

ಶಂಶಾದ್ ಕೀಲಿಮಣೆಯ ಮುಂದೆ ಕೂತಳು. ಕಾರಣ ತಿಳಿಯಲೇಬೇಕು ಅಂತ ಅವಳ ಮುಖದಲ್ಲಿತ್ತು. ನನ್ನೊಳಗಿನ ಬಂದುಹೋದವರ ದಾಖಲೆ ತೆಗೆದು ನೋಡಿದಳು. ಡ್ಯಾಮಿನ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ನಿಮ್ಮ ಕಡೀಂದ ಉತ್ತರಾನೇ ಬರತಿದ್ದಿಲ್ರಿ ಮೇಡಂ" ಅಂದಿತು ಆ ದನಿ. "ಉತ್ತರ ಬರದಿದ್ರ ನಮ್ಮ ಸಿಸ್ಟಮ್ಮು ಮುಟ್ಟಿಲ್ಲ ಅಂತ ತಿಳಕೊಂಡು ಮತ್ತ ಕಳಸತೈತಿ. ಭಾಳ ಸಲ ಹಂಗಾದ್ರ, ಈ ಮನ್ಯಾಗ ಯಾರೂ ಇಲ್ಲ ಅಂತ ಆ ವಿಳಾಸಕ್ಕ ಗೀಟು ಎಳದುಬಿಡತೈತಿ."

"ಉತ್ತರ ಕೊಟ್ಟೀವಲ್ರಿ, ಸ್ವಲ್ಪ ತಡ ಆಗೈತಿ."

"ಅಷ್ಟೊತ್ತು ನಿಂದ್ರಂಗಿಲ್ರಿ ಅದು. ಬಂತು ಅಂತ ಮೊದಲ ಹೇಳಿಬಿಡ್ರಿ. ಕೆಲಸ ಆಮ್ಯಾಗ ಮಾಡ್ಕೋರಿ. ನಿಮ್ಮ ಹೆಸರು ಪಟ್ಟಿಗೆ ಮತ್ತ ಸೇರಸ್ತೀನಿ."

ಫೋನು ಇಟ್ಟ ಮೇಲೆ ಅಮರಪ್ಪ ತಲೆ ತಗ್ಗಿಸಿದ. "ಸುಳ್ಳು ಓ ಬ್ಯಾಡ ಅಂದಾಂವ ನಾ."

"ಗುಂಡಿ ಇಡು ಅಂದಾಕಿ ನಾ" ಅಂದಳು ಗದ್ದೆಮ್ಮ.

"ಹೂಂ ಅಂತ ಬರದಾಕಿ ನಾನಲ್ಲೇನು" ಅಂದಳು ಶಂಶಾದ್. ಅಂಗಿಯ ತೋಳು ಮೇಲಕ್ಕೆ ಮಡಿಸಿ ಅಲ್ಲೇ ಕೂತು ಮತ್ತೆ ಬರೆಯತೊಡಗಿದಳು.

ಈ ಸಲ ನನಗೆ ಹೇಳಿಕೊಟ್ಟದ್ದು ಬೇರೆ. ಬಾಗಿಲು ಬಡಿದ ತಕ್ಷಣ ಇನ್ನೂರು ಅನ್ನು. ಅದರ ಅರ್ಥ ಕಿವಿಗೆ ಬಿತ್ತು ಅಂತ ಮಾತ್ರ. ಆಮೇಲೆ ಭೋಂಗಾ ಊದು, ಗದ್ದೆಮ್ಮ ಬಂದು ಗುಂಡಿ ಒತ್ತುವ ತನಕ ನಿಲ್ಲಿಸಬೇಡ. ಪ್ರತಿ ಸುದ್ದಿಯ ಮೇಲೂ ಒಂದು ಗುರುತು ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಮತ್ತೆ ಬಂದರೆ ಓ ಅನ್ನು, ಊದಬೇಡ. ದಿನಾ ಬೆಳಿಗ್ಗೆ ನೀನಾಗಿಯೇ ಹೋಗಿ, ನನ್ನ ಹೆಸರು ಇನ್ನೂ ಪಟ್ಟಿಯಲ್ಲಿದೆಯಾ ಅಂತ ಕೇಳಿ ಬಾ. ಇಲ್ಲ ಅಂದರೆ ಅದಕ್ಕೂ ಊದು.

ಮಾಳಪ್ಪ ಇದನ್ನೆಲ್ಲ ನೋಡುತ್ತಾ ಕೂತಿದ್ದ. ತಣ್ಣಗಾದ ಚಹಾ ಒಂದೇ ಗುಟುಕಿಗೆ ಇಳಿಸಿ ಕೇಳಿದ, "ಅತ್ಲಾಗ ಬಡಿಯಾಂವ ಯಾರು ತಂಗೆವ್ವ? ಮನುಷ್ಯಾನೋ ಡಬ್ಬಿಯೋ?"

ನನ್ನ ಮನಸ್ಸಿನ ಪ್ರಶ್ನೆಯನ್ನೇ ಅವನು ಕೇಳಿದಂತಾಯಿತು.

"ಡಬ್ಬಿ ಕಾಕಾ. ಅದರ ಹಿಂದ ಗೇಟು ಎತ್ತೋ ಮನುಷ್ಯಾ ಇರ್ತಾನ."

"ಆ ಮನುಷ್ಯಾಗ ನಾವು ಇದ್ದೀವಿ ಅಂತ ಗೊತ್ತೈತೇನು?"

ಶಂಶಾದ್ ಇಲ್ಲ ಅಂತ ತಲೆಯಾಡಿಸಿದಳು.

"ಓ ಅನ್ನೋದರ ಬೆನ್ನಿಗೆ ಒಂದು ಮಾತು ಕಳಸಾಕ ಬರತೈತೇನು?"

"ಜಾಗ ಐತಿ ಕಾಕಾ. ಏನು ಬೇಕಾದ್ರೂ ಬರೀಬಹುದು. ಆದ್ರ ಅತ್ಲಾಗ ಯಾರೂ ಓದಂಗಿಲ್ಲ. ಇನ್ನೂರು ನೋಡ್ತಾರ, ಬಿಡ್ತಾರ."

"ಓದದಿದ್ರ ಬಿಡ್ಲಿ. ಬರಿ ನೀನು." ಮಾಳಪ್ಪ ಕಂಬಳಿ ಸರಿಪಡಿಸಿಕೊಂಡು ಹೇಳಿ ಬರೆಸಿದ. ಹೀಗಿತ್ತು: "ಹೋದ ಸಲ ನೀವು ನೀರು ಬಿಟ್ಟಾಗ ಗಡ್ಡಿಯಿಂದ ನಾವೆಲ್ಲರೂ ದಾಟಿದೆವು. ಟಗರು ಉಳಿಯಲಿಲ್ಲ."

ಅಂದಿನಿಂದ ಅದೇ ರೂಢಿಯಾಯಿತು. ಸುದ್ದಿ ಬರುತ್ತದೆ, ನಾನು ಓ ಅನ್ನುತ್ತೇನೆ, ಬೆನ್ನಿಗೆ ಹಿಂದಿನ ಸಲದ ಕ್ಷೇಮ ಹೋಗುತ್ತದೆ. ದಾಟಿ ಬಂದ ಮೇಲೆ ಮಾಳಪ್ಪ ಹೊಸ ಮಾತು ಹೇಳುತ್ತಾನೆ, ಗದ್ದೆಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾಳೆ. "ಎಲ್ಲರೂ ದಾಟಿದೆವು. ಬೀರವ್ವನ ಕಾಲು ಉಳುಕಿತು." "ಎಲ್ಲರೂ ದಾಟಿದೆವು. ಹರಿಗೋಲಿನಲ್ಲೇ ಒಂದು ಕುರಿ ಈಯಿತು." ಭೋಂಗಾ ಊದಿದರೆ ಮಾಳಪ್ಪ ಈಗ ಏಳುತ್ತಿದ್ದ. ಆದರೂ ಅವಸರ ತಪ್ಪಿದ್ದಲ್ಲ. ಸುದ್ದಿ ಬರುವುದು ಗೇಟು ಎತ್ತಿದ ಮೇಲೆ. ಬಂದ ನೀರಿಗೂ ಅಮರಪ್ಪನ ತೋಳಿಗೂ ಪ್ರತಿ ಸಲ ಪಂದ್ಯ. ಅವನ ತೋಳಿಗೂ ವಯಸ್ಸಾಗುತ್ತಿತ್ತು. "ಇನ್ನೊಂದೆರಡು ತಾಸು ಮೊದಲ ತಿಳದಿದ್ರ" ಅಂತ ಗದ್ದೆಮ್ಮ ಅವನ ರಟ್ಟೆಗೆ ಎಣ್ಣೆ ತಿಕ್ಕುವಾಗಲೆಲ್ಲ ಅನ್ನುತ್ತಿದ್ದಳು.

ನಾನೂ ಮುದಿಯಾದೆ. ಫ್ಯಾನು ಕೆಮ್ಮುತ್ತಿತ್ತು. ಶಂಶಾದ್ ಅಂಗೈಯಗಲದ ಹೊಸ ಯಂತ್ರವೊಂದನ್ನು ತಂದು ನನ್ನ ತಲೆಯ ಮೇಲಿಟ್ಟು, ನನ್ನ ಕೆಲಸವನ್ನೆಲ್ಲ ಅದಕ್ಕೆ ನಕಲು ಮಾಡುತ್ತಿದ್ದಳು. ಆ ದಿನವೇ, ಮಾಳಪ್ಪನೂ ಅಂಗಡಿಯಲ್ಲಿ ಕೂತಿದ್ದಾಗ, ಅವಳ ಫೋನು ಬಡಿದುಕೊಂಡಿತು. ಅವಳು ಸ್ಪೀಕರ್ ಹಾಕಿದಳು.

"ಮೇಡಂ, ನಾ ಡ್ಯಾಮಿನ ಗೇಟ್ ರೂಮಿನಿಂದ ಜಂಬಣ್ಣ ಅಂತ. ನಿಮ್ಮ ಮಾದಲಗಟ್ಟಿಯ ಉತ್ತರದಾಗ ಪ್ರತಿ ಸಲ ಏನೋ ಬರತೈತ್ರಿ. ನಮ್ಮ ಪರದಿ ಮ್ಯಾಲ ಬರೇ ಚೌಕ ಚೌಕ ಕಾಣತಾವು. ಕೆಟ್ಟೈತೇನು ನಿಮ್ಮ ಯಂತ್ರ? ಬ್ಯಾರೆ ಯಾವ ಊರಿಂದೂ ಹಂಗ ಬರಂಗಿಲ್ಲ. ನನಗ ಕುತೂಹಲ ತಡೀಲಿಲ್ಲ."

"ಅದು ಕನ್ನಡ ಜಂಬಣ್ಣಾರ. ನಿಮ್ಮ ಪರದಿಗೆ ಓದಾಕ ಬರವಲ್ದು."

"ಹೌದಾ? ಏನಂತ ಬರದೀರಿ?"

ಶಂಶಾದ್ ನನ್ನ ಪರದೆ ನೋಡಿ ಓದಿದಳು. ಆಮೇಲೆ ಹಳೆಯವನ್ನೂ ಒಂದೊಂದಾಗಿ ತೆಗೆದು ಓದಿದಳು. ಟಗರು, ಬೀರವ್ವನ ಕಾಲು, ಹರಿಗೋಲಿನಲ್ಲಿ ಈದ ಕುರಿ. ಆ ಕಡೆ ಕಾಗದ ಮಗುಚಿದ ಸದ್ದಾಯಿತು. 

"ನಮ್ಮ ಕಾಗದದಾಗ ನದಿ ಪಾತ್ರದ ಜನರು ಅಂತ ಇರತೈತ್ರಿ" ಅಂದ ಜಂಬಣ್ಣ. "ಅಷ್ಟೇ ಇರತೈತಿ. ಅವರು ಇಂಥಾರು ಅಂತ ಇರಂಗಿಲ್ಲ." ಮತ್ತೆ ತಾನೇ ಕೇಳಿದ, "ಹೋದ ವಾರಾನೂ ನೀರು ಬಿಟ್ಟೀವಲ್ರಿ, ಎಲ್ಲಾರೂ ದಾಟ್ಯಾರ?"

ಮಾಳಪ್ಪ ಫೋನಿನ ಹತ್ತಿರ ಬಾಯಿ ತಂದು ಹೊಳೆ ದಾಟುವಷ್ಟು ಗಟ್ಟಿಯಾಗಿ ಕೂಗಿದ, "ಎಲ್ಲಾರೂ ದಾಟೀವಿ!"

ಮುಂದೆ ಮಳೆ ಜೋರಾಯಿತು. ಹೊಸ ಯಂತ್ರ ಇನ್ನೂ ಸಿದ್ಧವಾಗಿರಲಿಲ್ಲ, ಬಾಗಿಲಲ್ಲಿ ನಾನೇ ಕೂತಿದ್ದೆ. ಒಂದು ಮುಂಜಾನೆ ಬಡಿದ ಸದ್ದಾಯಿತು. ಓ ಅಂದೆ. ಸುದ್ದಿ ಬಿಚ್ಚಿದೆ. ಪ್ರತಿ ಸುದ್ದಿಯ ಕೊನೆಗೆ ವಿವರ ಅಂತ ಒಂದು ಜಾಗ ಇರುತ್ತದೆ. ಇಷ್ಟು ವರ್ಷ ಅದು ಖಾಲಿಯೇ ಬಂದಿತ್ತು. ಆ ಕಡೆಯ ಪರದೆಗೂ ಕನ್ನಡ ಬಂದಿರಬೇಕು, ಆ ದಿನ ಅಲ್ಲಿ ಬರವಣಿಗೆ ಇತ್ತು: "ಆದೇಶ ಬಂದಿದೆ. ಗೇಟು ಇನ್ನೂ ಎತ್ತಿಲ್ಲ, ಮಧ್ಯಾಹ್ನ ಎತ್ತುತ್ತೇವೆ. ಮೊದಲು ಕುರಿ ದಾಟಿಸಿರಿ. ಜಂಬಣ್ಣ."

ಭೋಂಗಾ ಊದಿದೆ. ಗದ್ದೆಮ್ಮ ಓದಿ, ಮತ್ತೊಮ್ಮೆ ಓದಿ, ಗಂಡನನ್ನು ಕರೆದಳು. ಅಮರಪ್ಪ ಆ ದಿನ ಬೀಡಿ ಮುಗಿಸಿ ಹೊರಟ. ಕುರಿಗಳನ್ನು ಓಡಿಸಲಿಲ್ಲ, ನಡೆಸಿಕೊಂಡು ಬಂದರು. ಬೀರವ್ವ ಒಲೆಯ ಮೇಲಿನ ಅನ್ನವನ್ನು ಗಡಿಗೆ ಸಮೇತ ತಂದಿದ್ದಳು. ಎಲ್ಲರೂ ದಂಡೆಯಲ್ಲಿ ಕೂತು ಅದನ್ನೇ ಉಂಡರು. ನೀರು ಆಮೇಲೆ ಬಂತು, ಖಾಲಿ ಗಡ್ಡಿಯ ಮೇಲೆ.

"ಏನ ಬರೀಲಿ ಕಾಕಾ?" ಗದ್ದೆಮ್ಮ ಕೀಲಿಮಣೆಯ ಮುಂದೆ ಕೂತಳು.

ಮಾಳಪ್ಪ ಗಡ್ಡ ಕೆರೆದುಕೊಂಡ. ಹೇಳುವಂಥ ಕಷ್ಟ ಯಾವುದೂ ಇರಲಿಲ್ಲ. "ಎಲ್ಲಾರೂ ದಾಟೀವಿ ಅಂತ ಬರಿ. ಮತ್ತ... ಜಂಬಣ್ಣಗ ಒಂದಿನ ಚಾ ಕುಡಿಯಾಕ ಬಾ ಅಂತ ಹೇಳು."

"ಚಾ ನನ್ನದು, ಕರಿಯಾಂವ ಇಂವ" ಅಂದಳು ಗದ್ದೆಮ್ಮ, ಒತ್ತುತ್ತಲೇ.

ನನ್ನ ಸರದಿ ಮುಗಿದಿದೆ. ಬಾಗಿಲಲ್ಲಿ ಈಗ ಆ ಅಂಗೈಯಗಲದವನು ಕೂರುತ್ತಾನೆ. ನಾನು ಕೆಳಗಿನ ಹಲಗೆಯಲ್ಲಿ, ನನ್ನ ಮೇಲೆ ಚುರುಮುರಿ ಚೀಲ. ಕರೆಂಟು ಕೊಟ್ಟಿಲ್ಲ ಅಂತ ನಿದ್ದೆ ಹೋಗಿದ್ದೇನೆ ಅಂದುಕೊಳ್ಳಬೇಡಿ. ಅಂಗಡಿಗೆ ಬಂದವರ ಕಾಲು ನನಗೆ ಚೆನ್ನಾಗಿ ಕಾಣುತ್ತದೆ. ಕುರುಬರ ಕಾಲು ಗೊತ್ತು, ಅಂಬಿಗರ ಕಾಲು ಗೊತ್ತು, ಶಂಶಾದಳದು ಗೊತ್ತೇ ಇದೆ. ಯಾರದಾದರೂ ಹೊಸ ಕಾಲು ಹೊಸ್ತಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಅಂತ ಹಿಂಜರಿದರೆ, ಗೇಟು ಎತ್ತುವವನ ಕಾಲು ಹೀಗಿರಬಹುದೇ ಅಂತ ನೋಡುತ್ತೇನೆ.